ಗಾಜಿನಮನೆ ಮಾವ

ಸಸ್ಯೋದ್ಯಾನದ ಗಾಜಿನಮನೆ ನೋಡಿಕೊಳ್ಳುವ ಹಿರಿಯ ಮಾಲಿಯನ್ನು ಎಲ್ಲರೂ ಕರೆಯುವುದು ‘ಗಾಜಿನಮನೆ ಮಾವ’ ಎಂದೇ. ದೇಶದೇಶಗಳ ಉದ್ಯಾನಗಳಿಂದ ಬಂದಿಳಿದ ಗಿಡಗಳೆಲ್ಲ ಅವನಿಗೆ ನೆಂಟರು: ಮುಳ್ಳುಕಳ್ಳಿ ಭಾವ, ಮುಗಿಲಿಗೆ ತಲೆಯಿಟ್ಟ ತಾಳೆ ದೊಡ್ಡಪ್ಪ, ಸಿಕ್ಕಿದ್ದನ್ನೆಲ್ಲ ತಬ್ಬಿಕೊಳ್ಳುವ ಬಳ್ಳಿ ಸೋದರತ್ತೆ. ಯಾರಾದರೂ ಎಲೆ ಕಿತ್ತರೆ ಹತ್ತಿರ ಹೋಗಿ, "ನಿಮ್ಮನೆಗೆ ಬಂದು ನಾನು ನಿಮ್ಮ ಕಿವಿ ಕಿತ್ರೆ ಸುಮ್ನಿರ್ತೀರಾ?" ಎಂದು ಮೆಲ್ಲಗೆ ಕೇಳುತ್ತಾನೆ. ಹೆಂಡತಿ ಮಾತ್ರ, "ಆ ನೆಂಟರ ಜೊತೇಲೇ ಸಂಸಾರ ಮಾಡಿ," ಎಂದು ಮೂತಿ ತಿರುವುವವಳು. ಒಮ್ಮೆಯೂ ಅತ್ತ ಕಾಲಿಟ್ಟವಳಲ್ಲ. ಸಮುದ್ರದಾಚೆಯ ಉದ್ಯಾನವೊಂದು ಕಳಿಸಿದ ದೈತ್ಯಹೂವಿನ ಗೆಡ್ಡೆ ವರ್ಷಗಟ್ಟಲೆ ಬರೀ ಎಲೆ ಬಿಟ್ಟಾಗ ಮೇಲಧಿಕಾರಿ, "ಕಿತ್ತು ಬಿಸಾಕಿ, ಜಾಗ ದಂಡ," ಎಂದರು. "ನಮ್ಮ ಹುಡುಗಿ ಸ್ವಲ್ಪ ನಿಧಾನ ಸಾರ್, ಅರಳೇ ಅರಳ್ತಾಳೆ," ಎಂದು ಮಾವ ಅಡ್ಡ ನಿಂತುಬಿಟ್ಟ. ಕೊನೆಗೊಂದು ಬೆಳಿಗ್ಗೆ ಅದು ಆಳೆತ್ತರಕ್ಕೆ ಅರಳಿತು. ಆ ಜಾತಿಯ ಗುಣದಂತೆ ಸತ್ತ ಹೆಗ್ಗಣದ ನಾತ ಬೀದಿಯ ತನಕ ಹಬ್ಬಿತು. ಊರಿಗೆ ಊರೇ ಮೂಗು ಮುಚ್ಚಿಕೊಂಡು ಸಾಲು ನಿಂತಿತು, ಮೇಲಧಿಕಾರಿಯೂ ಸೇರಿದಂತೆ. ಮಾವ ಮದುವೆಮನೆ ಯಜಮಾನನ ಹಾಗೆ ಬಾಗಿಲಲ್ಲಿ ನಿಂತು, ಎದೆತುಂಬ ಆ ನಾತವನ್ನೇ ಎಳೆದುಕೊಳ್ಳುತ್ತ, "ಬನ್ನಿ, ಬನ್ನಿ," ಎಂದು ಕರೆಯುತ್ತಿದ್ದಾಗ ಜನರ ನಡುವೆ ಹೆಂಡತಿ ಕಂಡಳು. ಅವಳು ಮೂಗಿಗೆ ಒತ್ತಿದ್ದ ಬಟ್ಟೆ ತೆಗೆದು ಹೂವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪಕ್ಕದಲ್ಲಿದ್ದವನು, "ಥೂ, ಏನು ನಾತ," ಎಂದ. ಅವಳು ಅವನತ್ತ ತಿರುಗಿ, "ಸ್ವಲ್ಪ ಮರ್ಯಾದೆಯಿಂದ ಮಾತಾಡಿ, ನಮ್ಮನೆ ಹುಡುಗಿ ಅವಳು," ಎಂದಳು.