ಒಂದೇ ಸಲಕ್ಕೆ ಮೊಡವೆ ಮಾಯ

ನಮ್ಮ ಚಿಕ್ಕಮ್ಮನ ಮನೆಯ ಕನ್ನಡಿಯಲ್ಲಿ ಮುಖ ನಿಲ್ಲಬೇಕಾದರೆ ಕರೆಂಟು ಹೋಗಬೇಕು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಹಜಾರದಲ್ಲಿ ಪವರ್‌ಲೂಮ್ ಓಡುವಷ್ಟು ಹೊತ್ತೂ ಗೋಡೆ ಸಣ್ಣಗೆ ನಡುಗುತ್ತದೆ, ಗೋಡೆಯ ಮೊಳೆಗೆ ತೂಗುಬಿದ್ದ ಕನ್ನಡಿಯೂ ನಡುಗುತ್ತದೆ, ಅದರೊಳಗಿನ ಮುಖವಂತೂ ನೀರಿನಲ್ಲಿ ಬಿದ್ದ ನೆರಳಿನಂತೆ ಅಲುಗುತ್ತಲೇ ಇರುತ್ತದೆ. ಆ ಮನೆಯ ಹೆಣ್ಣುಮಕ್ಕಳು ಅಂದಾಜಿನ ಮೇಲೆ ಬೈತಲೆ ತೆಗೆದು, ಅಂದಾಜಿನ ಮೇಲೆ ಬೊಟ್ಟಿಟ್ಟುಕೊಂಡು ಬೆಳೆದವರು. ಹಾಗಾಗಿ ಚಿಕ್ಕಮ್ಮನ ಮಗಳು ಕಾವ್ಯಳಿಗೆ ತನ್ನ ಮುಖದ ತುಂಬ ಮೊಡವೆಗಳಿವೆಯೆಂದು ತಿಳಿಸಿಕೊಟ್ಟದ್ದು ಕನ್ನಡಿಯಲ್ಲ, ಫೋನು.

ಅವಳು ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಫೋನಿನ ಮುಂದೆ ನಿಂತು, ಸೆರಗು ಹರಡಿ, ಲೈವ್‌ನಲ್ಲಿ ಸೀರೆ ಮಾರುವ ಕೆಲಸಕ್ಕೆ ಸೇರಿದ್ದಳು. ಸೀರೆಯ ತುದಿಯನ್ನು ನೀರಿಗೆ ಅದ್ದಿ, ಬಿಳಿ ಬಟ್ಟೆಯ ಮೇಲೆ ಉಜ್ಜಿ, "ನೋಡಿ ಅಕ್ಕಾ, ಬಣ್ಣ ಬಿಡಲ್ಲ" ಎಂದು ತೋರಿಸದೆ ಒಂದು ಸೀರೆಯನ್ನೂ ಮಡಿಸಿದವಳಲ್ಲ. ನೋಡುತ್ತಿದ್ದವರು ಕೆಳಗೆ ಬರೆಯುತ್ತಿದ್ದುದು ಮಾತ್ರ ಬೇರೆ. "ಸೀರೆ ಸೂಪರ್, ಮುಖಕ್ಕೆ ಏನಾದ್ರೂ ಹಚ್ಕೊಳಮ್ಮ." ಅದರ ಪಕ್ಕದಲ್ಲಿ ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳು. ನಮ್ಮ ಕೊರತೆಯನ್ನು ನಮಗಿಂತ ಮೊದಲು ಬಲ್ಲ ನೆಂಟನಂತೆ, ಅದೇ ಫೋನು ಅವಳ ಮುಂದೆ ಮೊಡವೆಯ ಔಷಧಗಳನ್ನು ಸುರಿಯತೊಡಗಿತು.

ಆ ಜಾಹೀರಾತುಗಳನ್ನು ನಾನು ಈಗ ಒಂದೊಂದಾಗಿ ಓದುತ್ತೇನೆ, ಹುಣ್ಣನ್ನು ಕೆರೆದುಕೊಳ್ಳುವವರ ಹಾಗೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದರಿಂದ ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಅರ್ಥವಾಗಬಾರದೆಂದೇ ಬರೆದದ್ದು. 'ಪೂರ್ತಿ ನೈಸರ್ಗಿಕ' ಎನ್ನುತ್ತಾರೆ. ಚೇಳಿನ ವಿಷವೂ ನೈಸರ್ಗಿಕವೇ. 'ವೈದ್ಯರು ಪರೀಕ್ಷಿಸಿದ್ದು' ಎನ್ನುತ್ತಾರೆ. ಪರೀಕ್ಷೆ ನಡೆದಿದೆ ಸರಿ, ಸೀಸೆ ಪಾಸಾಯಿತೇ ಎಂದು ಹೇಳಿಲ್ಲ. ಹಚ್ಚುವ ಮೊದಲಿನ ಚಿತ್ರದಲ್ಲಿ ಹುಡುಗಿ ಟ್ಯೂಬ್‌ಲೈಟಿನ ಕೆಳಗೆ ಸಪ್ಪಗೆ ಕೂತಿರುತ್ತಾಳೆ, ಹಚ್ಚಿದ ಮೇಲಿನ ಚಿತ್ರದಲ್ಲಿ ಕಿಟಕಿಯ ಬೆಳಕಿಗೆ ಮುಖವೊಡ್ಡಿ ನಗುತ್ತಾಳೆ. ಆ ನಗುವಿಗೂ ಬೆಳಕಿಗೂ ಸಲ್ಲಬೇಕಾದ ಕೀರ್ತಿಯೆಲ್ಲ ಸೀಸೆಗೆ ಸಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಮಾತು ಕಾವ್ಯ ಕೊಂಡ ಕೆಂಪು ದ್ರವದ ವಿಡಿಯೋದಲ್ಲಿತ್ತು: ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ. ಎಷ್ಟು ಉರಿದರೆ ತೊಳೆಯಬೇಕೆಂಬುದು ಸೀಸೆಯ ಹಿಂದೆ, ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿತ್ತು.

ಕಾವ್ಯ ಆ ದ್ರವವನ್ನು ಹಚ್ಚಿಕೊಂಡ ಭಾನುವಾರ ಮಧ್ಯಾಹ್ನ ನಾನು ಹಜಾರದಲ್ಲಿ ಮಗ್ಗದ ಪಕ್ಕ ಕೂತಿದ್ದೆ. ಹಿತ್ತಲಿಗೆ ಹೋಗಿದ್ದ ಚಿಕ್ಕಮ್ಮ ವಾಪಸು ಬಂದು, ಏನೂ ಆಗಿಲ್ಲವೆಂಬಂತೆ ಓಡುತ್ತಿದ್ದ ಮಗ್ಗದ ಎಳೆಗಳನ್ನು ನೋಡುತ್ತ ನಿಂತಳು. ಮಗ್ಗದ ಸದ್ದಿನಲ್ಲಿ ನನಗೆ ಇನ್ನೇನೂ ಕೇಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಮಗ್ಗ ನಿಂತಿತು. ಆ ನಿಶ್ಶಬ್ದದೊಳಗಿಂದ, ಎಷ್ಟು ಹೊತ್ತಿನಿಂದ ನಡೆದಿತ್ತೋ, ಒಂದು ನರಳುವ ದನಿ ಹೊರಗೆ ಬಂತು.

ಓಡಿದೆ. ಕಾವ್ಯ ಹಿತ್ತಲಿನ ನೀರಿನ ಡ್ರಮ್ಮಿನ ಪಕ್ಕದಲ್ಲೇ, ಗೋಡೆಗೆ ಹಣೆಯೊತ್ತಿ ನಿಂತಿದ್ದಳು. ಬೆವರಿನ ಜೊತೆ ಇಳಿದ ಕೆಂಪು ದ್ರವ ಎಡಗಣ್ಣಿನೊಳಗೆ ಸೇರಿತ್ತು. ಕೈಯಳತೆಯಲ್ಲಿ ನೀರಿತ್ತು, ಅವಳು ಮುಟ್ಟಿರಲಿಲ್ಲ.

"ತೊಳ್ಕೊಳೇ!" ಎಂದು ಕಿರುಚಿದೆ.

"ಅಮ್ಮ ಬೇಡ ಅಂದ್ಳು ಅಕ್ಕಾ..."

ಚೆಂಬಿನಿಂದ ನೀರು ಸುರಿಯತೊಡಗಿದಾಗ ಹಿಂದಿನಿಂದ ಬಂದ ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. "ಅರ್ಧಕ್ಕೆ ತೊಳೀಬ್ಯಾಡ ಕಣೇ, ಮುಖ ಎಲ್ಲಾ ತ್ಯಾಪೆ ತ್ಯಾಪೆ ಆಯ್ತದೆ!" ಮರುಕ್ಷಣ ಮಗಳ ಮುಖ ಕಂಡಿತು. ಹಿಡಿದ ಕೈ ತಾನಾಗಿ ಸಡಿಲವಾಯಿತು.

ಚಿಕ್ಕಮ್ಮ ಮದುವೆಗೆ ಮುಂಚೆ ರೇಷ್ಮೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ನೂಲಿನ ಲಡಿಯನ್ನು ಕುದಿಯುವ ಬಣ್ಣಕ್ಕೆ ಇಳಿಸಿದ ಮೇಲೆ, ಹಬೆಗೆ ಕೈ ಸುಟ್ಟರೂ, ಅದು ಹಿಡಿಯುವ ತನಕ ಮೇಲೆತ್ತಬಾರದು. ಎತ್ತಿದರೆ ಬಣ್ಣ ಒಂದು ಕಡೆ ಕೂತು ಇನ್ನೊಂದು ಕಡೆ ಕೂರದೆ ಲಡಿಯೇ ಹಾಳು. ಸಹನೆಯೆಂದರೆ ಏನೆಂದು ಅವಳು ಕಲಿತದ್ದು ಅಲ್ಲಿ, ಮಗಳಿಗೆ ಕಲಿಸಿದ್ದೂ ಅದನ್ನೇ. ಜಾಹೀರಾತಿನವನು ಆ ಶೆಡ್ಡನ್ನು ಕಂಡವನಲ್ಲ. ಆದರೂ 'ಉರಿದರೆ ಒಳ್ಳೆಯದು' ಎಂಬ ಅವನ ಮಾತು, ಕೀಲಿ ಬೀಗದೊಳಗೆ ಕೂತಂತೆ, ಚಿಕ್ಕಮ್ಮನ ನಂಬಿಕೆಯೊಳಗೆ ಹೋಗಿ ಕೂತಿತು. ಸುಳ್ಳು ನಮ್ಮ ದಡ್ಡತನವನ್ನು ಹುಡುಕಿಕೊಂಡು ಬರುತ್ತದೆಂದು ನಾನು ತಿಳಿದಿದ್ದೆ. ಅದು ನಮ್ಮ ಕಸುಬಿನ ಜಾಣತನದೊಳಗೇ ಮನೆ ಮಾಡಬಲ್ಲದು ಎಂಬುದನ್ನು ಯಾವ ತರಗತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಅದು ಸುಳ್ಳೇ ಎಂದು ಕೇಳಿದರೆ ಅಲ್ಲಿಯೂ ತಡವರಿಸುತ್ತೇನೆ. ಆಸ್ಪತ್ರೆಯಲ್ಲಿ ವೈದ್ಯೆ ಸೀಸೆಯನ್ನು ಬೆಳಕಿಗೆ ಹಿಡಿದು ಓದಿದರು. "ನಕಲಿ ಅಲ್ಲಮ್ಮ ಇದು. ಈ ಆಸಿಡ್ ನಾವೂ ಹಚ್ತೀವಿ, ಚರ್ಮ ನೋಡಿ, ಪಕ್ಕದಲ್ಲೇ ನಿಂತ್ಕೊಂಡು. ಕಣ್ಣಿಗೆ ಪೊರೆ ಬಂದ ಹಾಗೆ ಮಸುಕು ಕೂತಿದೆ. ಇಳೀಬಹುದು, ಇಳೀದೇನೂ ಇರಬಹುದು." ಕೆನ್ನೆಯ ಸುಟ್ಟ ಸಿಪ್ಪೆ ಉದುರಿದ ಮೇಲೆ ನೋಡಿದರೆ ಅಲ್ಲಿ ಒಂದೂ ಮೊಡವೆಯಿಲ್ಲ. ಒಂದೇ ಸಲಕ್ಕೆ ಮಾಯವಾಗುತ್ತದೆ ಎಂದು ಜಾಹೀರಾತಿನವರು ಹೇಳಿದ್ದರು, ಆಗಿತ್ತು. ಮೊಡವೆ ಕೂರುವುದಕ್ಕೆ ಬೇಕಾದ ಚರ್ಮವೂ ಜೊತೆಗೆ ಹೋಗುತ್ತದೆಂದು ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಓದುತ್ತಿರುವ ಗೆಳೆಯರೇ, ಈಗಲೂ ಎಲ್ಲಾದರೂ ಕರೆಂಟು ಹೋಗಿ, ಸದ್ದು ನಿಂತ ಕೂಡಲೇ ಕಿವಿ ಏನನ್ನೋ ಹುಡುಕತೊಡಗುತ್ತದೆ. ಅಂದು ಕರೆಂಟು ಹೋಗದಿದ್ದರೆ ಎಂಬಲ್ಲಿಯವರೆಗೆ ಮನಸ್ಸು ಹೋಗುತ್ತದೆ, ಮುಂದೆ ಹೋಗಲೊಲ್ಲದು.

ಮೊನ್ನೆ ಶಿಲ್ಪಾ ಬಂದಿದ್ದಳು. ಕಾವ್ಯಳ ಜೊತೆ ಓದಿದವಳು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಶಿಫ್ಟು ಮುಗಿಸಿ ನೇರ ಬಂದವಳು ಬಾಗಿಲಲ್ಲೇ, "ಏನೇ ಹೀರೋಯಿನ್ನು, ಕಪ್ಪು ಕನ್ನಡಕ ಬೇರೆ!" ಎಂದು ನಗಿಸಲು ನೋಡಿದಳು. ಆಮೇಲೆ ಕಾವ್ಯಳ ಕೈ ಹಿಡಿದು ಅತ್ತಳು. ಅತ್ತು, ಮೂಗೊರೆಸಿಕೊಂಡು, ಹಿಂಜರಿಯುತ್ತ ಫೋನು ತೆಗೆದಳು. ಅವಳ ಗಲ್ಲದ ಮೇಲೂ ಮೊಡವೆಗಳಿದ್ದವು.

"ಬೇಜಾರು ಮಾಡ್ಕೋಬೇಡ ಕಣೇ. ನಿಂಗೆ ಹಿಂಗಾಗೋ ಮುಂಚೆನೇ ನಾನೂ ಒಂದು ಆರ್ಡರ್ ಹಾಕ್ಬಿಟ್ಟಿದ್ದೆ. ಇದೇನಾ ಅದು, ನೋಡು. ಬೇಗ ತೊಳ್ಕೊಂಡ್ಬಿಟ್ರೆ ಏನೂ ಆಗಲ್ಲ ಅಲ್ವಾ?"

ಕಾವ್ಯ ಬಯ್ಯಲಿಲ್ಲ. ಕನ್ನಡಕ ತೆಗೆದು, ವೈದ್ಯೆ ದಿನಾ ಮಾಡಿ ನೋಡಲು ಹೇಳಿದಂತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಗೆ ಹತ್ತಿರವಾಗಿ ಆ ಫೋನನ್ನು ಹಿಡಿದಳು. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಬಂದು ನಿಂತಳು.

"ಕೆಂಪಗೆ ಏನೋ ಇದೆ ಕಣೇ," ಎಂದಳು ಕಾವ್ಯ. "ಸೀಸೆನೋ ಸೀರೆನೋ ಗೊತ್ತಾಗ್ತಿಲ್ಲ."