ಕೆಸರಿಗೂ ಒಂದು ಬಯಕಿ

ನನಗ ಹೊಲ ಐತಿ ಅಂತ ಹೇಳಿಕೊಳ್ಳೂದಂದ್ರ ಭಾಳ ಹುರುಪು. ರೋಣದ ಬಜಾರದಾಗ ನಂದೊಂದು ಚಸ್ಮಾದ ಅಂಗಡಿ. ಗಿರಾಕಿ ಮೂಗಿನ ಮ್ಯಾಲ ಫ್ರೇಮ್ ಕೂಡಸ್ತಾ ಕೂಡಸ್ತಾ, "ನಾಳೆ ಅಂಗಡಿ ತೆಗಿಯೂದು ತಡಾ ಆಗ್ತೈತ್ರಿ, ಹೊಲಕ್ಕ ಹೋಗೂದೈತಿ" ಅಂತ ಸುಮ್ಮನ ಒಂದು ಮಾತು ತೇಲಿ ಬಿಡ್ತೀನಿ. ಗಿರಾಕಿ ಕಣ್ಣಾಗ ನನ್ನ ಕಿಮ್ಮತ್ತು ಒಂದು ಗೇಣು ಏರ್ತೈತಿ. "ಹೌದ್ರೇನು? ಏನ್ ಹಾಕೀರಿ ಈ ಸಲ?" ಅಂತ ಕೇಳಿದ್ರ ಮಾತ್ರ ನನಗ ಕೆಮ್ಮು ಬರ್ತೈತಿ. ಯಾಕಂದ್ರ ಆ ಹೊಲದಾಗ ನಾ ಖುದ್ದಾಗಿ ನೋಡಿಕೊಳ್ಳೂದು ಒಂದ ಒಂದು, ಅದು ಕೆಸರು.

ಹೊಲ ಇರೂದು ಯಾವಗಲ್ಲಿಗೆ ಹೋಗೂ ದಾರಿ ಮ್ಯಾಲ. ಕರೇ ಎರಿ ಭೂಮಿ. ಮಳಿಗಾಲದಾಗ ಚಪ್ಪಲಿ ಕಸಗೊಂಡ್ರ ವಾಪಸ್ ಕೊಡೂ ಮಾತ ಇಲ್ಲ. ನಮ್ಮಪ್ಪ ಇದನ್ನ ತಗೊಂಡಾಗ ಇಲ್ಲಿ ನೀರಿನ ಸುಳುವು ಇರಲಿಲ್ಲಂತ. ಆಮ್ಯಾಲ ಕಾಲುವಿ ಬಂತು. ಕಾಲುವಿ ಬಸಿ ನೀರು ನೆಲದ ಒಳಗಿಂದೊಳಗ ನಡಕೊಂತ ಬಂದು ನಮ್ಮ ತಗ್ಗಿನಾಗ ಕುಂತು, ಜಾಗಾ ಚಲೋ ಐತಿ ಅಂತ ಅಲ್ಲೇ ಉಳಕೊಂತು. ಹಿಂಗ ನೀರು ನಿಂತ ನೆಲಕ್ಕ ನಮ್ಮ ಕಡೆ ಜವಳು ಅಂತಾರ, ಉಪ್ಪು ಎದ್ದ ನೆಲಕ್ಕ ಸವಳು ಅಂತಾರ. ಎರಡೂ ಹೆಸರು ಅಣ್ಣತಮ್ಮರಂಗ ಕೂಡೇ ತಿರಗ್ತಾವ ಖರೇ, ಆದ್ರ ನಮ್ಮದು ಬರೇ ಜವಳು. ಸಿಹಿ ನೀರು. ದಾರಿ ಹಿಡಿದು ಹೊಂಟ ಕುರಿ ಹಿಂಡು ಸೈತ ಇಲ್ಲೇ ಬಂದು ಬಾಯಿ ಹಚ್ಚತಾವ. ಅರ್ಧ ಜವಳು ನನ್ನ ಹೊಲದಾಗ, ಇನ್ನರ್ಧ ಬಾಜೂ ನಿಂಗಪ್ಪನ ಹೊಲದಾಗ. ಒಣಗಿದ್ದ ನನ್ನ ನೆಲಾನೂ ನಿಂಗಪ್ಪನೇ ಪಾಲಿಗೆ ಮಾಡ್ತಾನ. ಹಿಂಗಾಗಿ ಬೆಳಿ ವಿಚಾರ ಅವಂದು, ಕೆಸರಿನ ವಿಚಾರ ನಂದು.

ಸರಕಾರದ ಕಾಗದದಾಗ ಇಂಥಾ ನೆಲಕ್ಕ 'ಖರಾಬ' ಅಂತ ಬರೀತಾರ. ನಮ್ಮ ಮನ್ಯಾಗ ಆ ಮಾತನ್ನ ಒಡದ ಹಾಲಿಗೆ, ಕೆಟ್ಟ ಹೊಟ್ಟಿಗೆ, ಒಮ್ಮೊಮ್ಮೆ ನನಗ ಬಳಸ್ತಾರ. ಅದಕ್ಕ ಏನೋ, ಆ ನೆಲದ ಮ್ಯಾಲ ನನಗ ಮೊದಲಿಂದಾನೂ ಸಲಿಗಿ.

ಅಂಗಡಿ ಸೂಟಿ ಇದ್ದ ದಿನ ಸಂಜಿಮುಂದ ಸ್ಕೂಟರ್ ಹತ್ತಿ ಅಲ್ಲಿಗೆ ಹೋಗ್ತೀನಿ. ಒಡ್ಡಿನ ಮ್ಯಾಲ ಒಂದು ಕಲ್ಲು ಐತಿ, ನಾ ಕುಂತು ಕುಂತ ಅದು ನುಣ್ಣಗಾಗೇತಿ ಅಂತ ನನ್ನ ನಂಬಿಕಿ. ಸುತ್ತ ಕಣ್ಣು ಹರಿಯೂತನಕ ಬಯಲು. ಜ್ವಾಳ, ಕಡ್ಲಿ, ನಡುನಡುವ ಕುಸಬಿ ಸಾಲು. ಗಾಳಿ ಚೊಕ್ಕ ಇದ್ದ ದಿನ ದೂರದಾಗ ನರಗುಂದದ ಗುಡ್ಡ ಒಂದು ಬೊಟ್ಟಿನಷ್ಟು ಕಾಣಸ್ತೈತಿ. ರಸ್ತೆ ಮ್ಯಾಲ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಗ್ತಾವ. ಜವಳಿನಾಗ ಆಪಿನ ಹುಲ್ಲು ಆಳೆತ್ತರ ಬೆಳದೈತಿ. ಗಾಳಿ ಬಂದ್ರ ಅದು ಹೊಸಾ ಸೀರಿ ಉಟ್ಟಾಕಿ ನಡದಂಗ ಸಪ್ಪಳ ಮಾಡ್ತೈತಿ. ಅದರ ಬುಡದಾಗ ನೀರಕೋಳಿ ಬಾಲ ಕುಣಸ್ತಾ ಏನೋ ಕಳಕೊಂಡಂಗ ಹುಡುಕ್ಯಾಡ್ತಾವ. ಬೆಳ್ಳಕ್ಕಿ ಮಾತ್ರ ಒಂಟಿ ಕಾಲ ಮ್ಯಾಲ ನಿಂತು, ಕೆಲಸ ಮಾಡೂ ಮಂದಿನ್ನ ನೋಡ್ತಾ ಇರ್ತಾವ, ಥೇಟ್ ನನ್ನಂಗ. ಹತ್ತರದ್ದು ಕಾಣವಲ್ದು ಅಂತ ಬರೂ ಮಂದಿಗೆಲ್ಲಾ ಇಷ್ಟು ವರ್ಷ ನಾ ಚಸ್ಮಾ ಕೊಟ್ಟೀನಿ. ನನಗ ಹತ್ತರದ್ದು ಕಾಣಾಕ ಹತ್ತಿದ್ದು ಆ ಕಲ್ಲಿನ ಮ್ಯಾಲ ಕುಂತ ಮ್ಯಾಲ. ಅದಕ್ಕೂ ಮೊದಲ ಏಡಿ ಅಡ್ಡಡ್ಡ ಯಾಕ ನಡೀತೈತಿ ಅಂತ ನಾ ಒಂದು ದಿನಾನೂ ವಿಚಾರ ಮಾಡಿದಾಂವಲ್ಲ. ಈಗ ಮಾಡ್ತೀನಿ. ಉತ್ತರ ಇನ್ನೂ ಸಿಕ್ಕಿಲ್ಲ.

ಅಲ್ಲಿ ಒಂದು ಜೋಡಿ ಟಿಟ್ಟಿಭ ಅದಾವ. ಈ ಹಕ್ಕಿ ರಾತ್ರಿ ಅಂಗಾತ ಮಲಗಿ ಎರಡೂ ಕಾಲು ಮ್ಯಾಲೆತ್ತಿ ಹಿಡೀತೈತಿ, ಮುಗಲು ಕಳಚಿ ಬಿದ್ರ ತಡಕೊಳ್ಳಾಕ ಅಂತ ಹಿರ್‍ಯಾರು ಹೇಳ್ತಿದ್ರು. ಹಕ್ಕಿ ಬಗ್ಗೆ ತಿಳದಾವ್ರನ್ನ ಕೇಳಿದ್ರ ಅದು ಸುಳ್ಳು, ಎಲ್ಲಾ ಹಕ್ಕಿಯಂಗ ಅದೂ ಕೆಳಗ ಕುಂತ ಮಲಗ್ತೈತಿ ಅಂತಾರ. ಇರಬಹುದು. ಆದ್ರ ಅದರ ಸ್ವಭಾವ ನೋಡಿದ್ರ ಹಿರ್‍ಯಾರ ಮಾತು ಖರೇ ಅನಸ್ತೈತಿ. ಅಷ್ಟು ಸಣ್ಣ ಜೀವಕ್ಕ ಅಷ್ಟು ದೊಡ್ಡ ಜವಾಬ್ದಾರಿ! ನಾ ಸ್ಕೂಟರ್ ನಿಲ್ಲಿಸೂದ ತಡಾ, ತಲಿ ಮ್ಯಾಲ ಹಾರಾಡಿ ಬಾಯಿ ಮಾಡಾಕ ಹತ್ತತಾವ. ಹೊಲ ಯಾರ ಹೆಸರಿಲೆ ಐತಿ ಅಂತ ಅವಕ್ಕ ಯಾರು ತಿಳಿಸಿ ಹೇಳಬೇಕು? ಒಮ್ಮೆ ನಾನ ಹೇಳಿ ನೋಡಿದೆ. ಇನ್ನೂ ಜೋರು ಮಾಡಿದ್ವು.

ನಮ್ಮ ಮನಿಯಾಕಿ ತವರು ಗಜೇಂದ್ರಗಡ. ಗುಡ್ಡದ ಊರಾಕಿ. ಅಕಿ ಪ್ರಕಾರ ನೆಲ ಅಂದಮ್ಯಾಲ ಕಾಲಿಟ್ರ ಗಟ್ಟಿ ಇರಬೇಕು. ಮದಿವಿ ಹೊಸದಾಗಿ ಭಾಳ ಹುರುಪಿಲೆ ಅಕಿನ್ನ ಹೊಲ ತೋರಸಾಕ ಕರಕೊಂಡು ಹೋಗಿದ್ದೆ. ಒಂದು ಚಪ್ಪಲಿ ಜವಳಿನಾಗ ಹೋತು. ಇವತ್ತಿಗೂ ಸಿಕ್ಕಿಲ್ಲ. "ನಿಮ್ಮ ಕೆಸರು ನನ್ನ ಚಪ್ಪಲಿ ಕೊಡೂತನಕ ನಾ ಅದರ ಮಾರಿ ನೋಡಂಗಿಲ್ಲ" ಅಂತಾಳ. ಹಂಗಂದ್ರೂ ಎಳ್ಳ ಅಮಾಸಿಗೆ ಡಬ್ಬಿ ತುಂಬ ಮಾಲ್ದಿ ಮಾಡಿ ಕಳಿಸೂದು ತಪ್ಪಿಸಿಲ್ಲ. ಬಿಸಿ ರೊಟ್ಟಿ ಮುರದು ಬೆಲ್ಲ ತುಪ್ಪ ಕಲಸಿದ ಮಾಲ್ದಿ, ಅಕಿ ಕೈಯಾಗ ಅದರ ರುಚಿನ ಬ್ಯಾರೆ.

ಹಿಂಗ ಸುಖವಾಗಿದ್ದೆ. ಹೋದ ವರ್ಷ ದೀಪಾವಳಿ ಮುಗದ ಮ್ಯಾಲ ನಿಂಗಪ್ಪ ಅಂಗಡಿಗೆ ಬಂದು ಕುಂತ. ನನಗಿಂತ ಭಾಳ ಸಣ್ಣಾಂವ, ನನಗ ಕಾಕಾ ಅಂತಾನ. ಒಳ್ಳೆ ರೈತ.

"ಕಾಕಾ, ಆ ಜವಳು ವರ್ಷಾ ಒಂದೊಂದು ಸಾಲು ಮುಂದ ಬರಾಕ ಹತ್ತೇತಿ. ದಂಡಿ ಮ್ಯಾಲಿನ ಕಡ್ಲಿ ಬೇರು ಕೊಳೀತು. ನಿಮ್ಮ ಹೊಲದಾಗಿಂದ ಒಂದು ಬಸಿಗಾಲುವಿ ತೆಗದು ಹಳ್ಳಕ್ಕ ಬಿಟ್ರ ಎಲ್ಲಾ ಒಣಗ್ತೈತಿ. ನೀವು ಹೂಂ ಅನ್ನಬೇಕಷ್ಟ."

ಅವನ ಮಾತಿನಾಗ ತಪ್ಪಿರಲಿಲ್ಲ, ಅದ ನನ್ನ ತ್ರಾಸು. ದುಡಿಯಾಂವ ಅಂವ, ಬೇರು ಕೊಳತಿದ್ದು ಅವನ ಬೆಳಿದು. ನಾ ಏನಂತ ಬ್ಯಾಡ ಅನ್ನಲಿ? ನೀರಕೋಳಿಗೆ ಬ್ಯಾಸರಾಗ್ತೈತಿ ಅನ್ನಲ್ಯಾ? ಸಂಜಿಮುಂದ ಕುಂಡ್ರಾಕ ನನಗ ಜಾಗಾ ಬೇಕು ಅನ್ನಲ್ಯಾ? ಅದಕ್ಕ ಬ್ಯಾಡ ಅನ್ನಲಿಲ್ಲ, ಹೂಂ ಅಂತಾನೂ ಅನ್ನಲಿಲ್ಲ. ನೆಲ ಇನ್ನೂ ಹಸಿ ಐತಿ ಅಂದೆ. ಅಂಗಡಿಗೆ ಮಾಲು ಬರೂದೈತಿ ಅಂದೆ. ಸೊಂಟ ಹಿಡದೈತಿ ಅಂದೆ. ಕಾಲುವಿ ತೋಡೂದು ಜೆಸಿಬಿ, ನನ್ನ ಸೊಂಟ ಅಲ್ಲ ಅನ್ನೂದು ಅವನ ಲಕ್ಷ್ಯಕ್ಕ ಬಂದಿರಬೇಕು, ಆದ್ರ ಮರ್‍ಯಾದಿ ಮನಶಾ. ಕಡೀಕ ನೆವ ಎಲ್ಲಾ ಮುಗದು, "ಎಳ್ಳ ಅಮಾಸಿ ಒಂದು ಆಗಲಿ ತಡೀಪಾ" ಅಂದೆ.

"ಆತ್ರಿ ಹಂಗಾರ, ಅಮಾಸಿ ಮರುದಿನಾನ ಜೆಸಿಬಿಗೆ ಹೇಳಿಬಿಡ್ತೀನಿ" ಅಂತ ಎದ್ದು ಹೋದ. ನನ್ನ ಮಾತಿನಾಗ ನಾನ ಸಿಕ್ಕೊಂಡೆ. ಒಂದು ಕೆಸರಿನ ಸಲುವಾಗಿ ಈ ವಯಸ್ಸಿನಾಗ ಹಿಂಗ ಸಂಕಟ ಆಗ್ತೈತಿ ಅಂತ ಯಾರ ಮುಂದ ಹೇಳಬೇಕು?

ಎಳ್ಳ ಅಮಾಸಿ ಅಂದ್ರ ನಮ್ಮ ಎರಿ ಸೀಮಿಯೊಳಗ ಭೂಮಿತಾಯಿಯ ಬಯಕಿ ಊಟ. ಜ್ವಾಳ ಹೊಡಿ ತುಂಬಿರ್ತೈತಿ, ಕಡ್ಲಿ ಹೂ ಹಿಡದಿರ್ತೈತಿ, ತಾಯಿ ಬಸರಿ. ಬಸರಿಗೆ ಬಾಯಿರುಚಿ ಮಾಡಿ ಉಣಸಬೇಕು. ಎಳ್ಳ ಹೋಳಿಗಿ, ಸಜ್ಜಿ ರೊಟ್ಟಿ, ಎಣಗಾಯಿ ಎಲ್ಲಾ ಬುಟ್ಟ್ಯಾಗ ಹಾಕಿಕೊಂಡು ಹೊಲದ ಸುತ್ತ ಚೆಲ್ಲಿಕೋಂತ ಹೋಗೂದಕ್ಕ ಚರಗ ಅಂತಾರ. ಮುಂದಿನಾಂವ ಚರಗ ಚೆಲ್ಲತಾ "ಹುಲ್ಲುಲ್ಲಿಗೋ" ಅಂತ ಕೂಗ್ತಾನ, ಹಿಂದಿನಾಂವ ಅದರ ಮ್ಯಾಲ ನೀರು ಚಿಮುಕಿಸಿ "ಚಲಾಂಬ್ರಿಗೋ" ಅಂತಾನ. ಇದರ ಅರ್ಥ ಏನು ಅಂತ ನಾ ಭಾಳ ಮಂದಿನ್ನ ಕೇಳೀನಿ. ಒಬ್ಬೊಬ್ಬರು ಒಂದೊಂದು ಹೇಳಿದ್ರು, ಊರು ಬದಲಾದ್ರ ಕೂಗೂ ಬದಲಾಗ್ತೈತಿ. ಭೂಮಿತಾಯಿಗೆ ತಿಳದ್ರ ಸಾಕು ಅಂತ ಕೇಳೂದು ಬಿಟ್ಟೀನಿ. ನಿಂಗಪ್ಪನ ಅಪ್ಪ ಚರಗ ಚೆಲ್ಲತಿದ್ದ, ನಮ್ಮಪ್ಪ ಹಿಂದ ನೀರಿನ ತಂಬಗಿ ಹಿಡಕೊಂಡು ಹೋಗ್ತಿದ್ದ. ಅವರಿಬ್ಬರೂ ಹೋದ ಮ್ಯಾಲ ಬುಟ್ಟಿ ನಿಂಗಪ್ಪಗ ಬಂತು, ತಂಬಗಿ ನನಗ ಬಂತು. ಎರಡೂ ಹೊಲ ಕೂಡಿ ಒಂದ ಸುತ್ತು, ಜವಳಿನ ದಂಡಿನೂ ಸೇರಿ. ಬಾರಾ ಮಹಿನಿ ನೀರಾಗ ನಿಂತ ನೆಲಕ್ಕ ನಾ ತಂಬಗಿಯಿಂದ ನಾಕು ಹನಿ ನೀರು ಚಿಮುಕಿಸಿ ಸಮಾಧಾನ ಮಾಡೂದು ನೋಡಿದ್ರ ಯಾರಿಗಾದ್ರೂ ನಗಿ ಬರಬೇಕು. ನನಗೂ ಬರ್ತಿತ್ತು.

ಆ ಸಲ ನಗಿ ಬರಲಿಲ್ಲ. ಬೇವಿನ ಗಿಡದ ಬುಡಕ ನಿಂಗಪ್ಪನ ತಾಯಿ ಗಂಗವ್ವ ಕಲ್ಲಿಗೆ ಅರಿಷಿಣ ಕುಂಕಮ ಹಚ್ಚಿ ಪೂಜಿ ಮುಗಿಸಿದಳು. ನಿಂಗಪ್ಪ ಬುಟ್ಟಿ ಹೊತ್ತುಕೊಂಡು ಮೊದಲ ಹೇಳಿದ: "ಕಾಕಾ, ಈ ಸಲ ಒಡ್ಡಿನ ತನಕ ಹೋಗಿ ತಿರುಗಿಬಿಡೋಣು. ನಾಳೆ ಅಗಿಯೂ ಜವಳಕ್ಕ ಇವತ್ತ ಹೋಳಿಗಿ ಯಾಕ?" ಗಂಗವ್ವ ಕೇಳಿದ್ರೂ ಕೇಳಲಾರದಂಗ ಒಲಿಯೊಳಗಿನ ಬೂದಿ ಕೆದರತಾ ಕುಂತಿದ್ದಳು. ನಾ ತಂಬಗಿ ತುಂಬಿಕೊಂಡು ಹಿಂದ ಹೊಂಟೆ.

ನಿಂಗಪ್ಪನ ದನಿ ಖಡಕ್. ಒಮ್ಮೆ ಕೂಗಾಕ ಹತ್ತಿದ್ರ ಅವಗ ಮೈಮ್ಯಾಲಿನ ಖಬರ ಇರೂದಿಲ್ಲ. ಕಡ್ಲಿ ದಾಟಿದ್ವಿ, ಜ್ವಾಳ ದಾಟಿದ್ವಿ, ಒಡ್ಡು ಬಂತು. ಇಲ್ಲಿ ತಿರುಗತಾನ ಅಂತ ನಾ ನಿಂತೆ. ಅಂವ ನಿಲ್ಲಲಿಲ್ಲ. ಸಣ್ಣಾಂವಿದ್ದಾಗಿಂದ ಅಪ್ಪನ ಬೆನ್ನ ಹಿಂದ ನಡದ ಹಾದಿ, ಕಾಲು ತಾವ ಒಡ್ಡು ಹತ್ತಿ ಇಳದು ಜವಳಿನ ದಂಡಿಗೆ ಹೋದ್ವು. "ಹುಲ್ಲುಲ್ಲಿಗೋ!" ಅಂತ ಬಾಯಿ ತುಂಬ ಕೂಗಿ, ಒಂದು ಬೊಗಸಿ ಹೋಳಿಗಿ ಆಪಿನ ಬುಡಕ್ಕ ಒಗದ. ಟಿಟ್ಟಿಭ ಚೀರಕೋಂತ ಎದ್ವು.

ನಾ ಕಂಡೆ. ಕರದು ನಿಲ್ಲಿಸಬಹುದಿತ್ತು. ನೀರು ಬಿದ್ರ ಮಾತ್ರ ಚರಗ ಮುಗದಂಗ, ಇಲ್ಲಾಂದ್ರ ಅರ್ಧಾ. ಸೊಂಟ ಹಿಡದೈತಿ ಅಂತ ಹೇಳಿದ ಇದ ಮನಶಾ ಒಡ್ಡು ಜಿಗದು ಓಡಿಹೋಗಿ, ಅರ್ಧ ತಂಬಗಿ ನೀರು ಒಮ್ಮೆಲೆ ಸುರುವಿ, "ಚಲಾಂಬ್ರಿಗೋ!" ಅಂತ ಒದರಿದೆ. ನನ್ನ ದನಿ ಅಷ್ಟು ಜೋರು ಐತಿ ಅಂತ ನನಗ ಗೊತ್ತಿರಲಿಲ್ಲ.

ಆಗ ನಿಂಗಪ್ಪಗ ಎಚ್ಚರಾತು. ಬುಟ್ಟಿ ನೋಡಿದ, ಜವಳು ನೋಡಿದ, ನನ್ನ ನೋಡಿದ. "ಕಾಕಾ, ಇದು ಕೈ ತಪ್ಪಿ ಆಗಿದ್ದು. ಇದು ನಡಿಯಂಗಿಲ್ಲ." "ನನಗೇನು ಗೊತ್ತಪಾ, ನಿಮ್ಮವ್ವನ್ನ ಕೇಳು" ಅಂದೆ, ಮಾರಿ ಸಣ್ಣದು ಮಾಡಿಕೊಂಡು.

ಗಂಗವ್ವ ಎಲ್ಲಾ ಕೇಳಿದಳು. ಕೇಳಿ, ಎಲಿ ಮ್ಯಾಲ ಮಾಲ್ದಿ ಬಡಸ್ತಾ ಹೇಳಿದಳು: "ಬಯಕಿ ಊಟಾ ಹಾಕಿ ಮರುದಿನಾನ ಬಸರಿ ಹೊಟ್ಟಿಗೆ ಹಾರಿ ಹಾಕ್ತಾರೇನಲೇ? ಅಕಿ ಹಡೀಲಿ. ಆಮ್ಯಾಲ ಅಗಿಯಾಕಂತಿ."

"ಯವ್ವಾ, ಅದು ಜವಳು! ಜ್ವಾಳ ಅಲ್ಲ, ಕಡ್ಲಿ ಅಲ್ಲ. ಏನ್ ಹಡೀತೈತಿ ಅದು? ಕಪ್ಪಿ?"

"ನಿನ್ನ ಹೊಟ್ಟ್ಯಾಗ ಇಟ್ಟುಕೊಂಡಾಗ ಏನ್ ಹುಟ್ಟತೈತಿ ಅಂತ ನನಗರ ಎಲ್ಲಿ ಗೊತ್ತಿತ್ತು? ಬಯಕಿ ಬಯಸಿದ್ದೆಲ್ಲಾ ತಿಂದೆ, ನೀ ಹುಟ್ಟಿದಿ. ಯಾರರ ತಕರಾರು ಮಾಡಿದ್ರೇನು? ಉಣ್ಣು ಸುಮ್ಮನ. ಹುಸೇನಾ, ನೀನೂ ಉಣ್ಣಪಾ."

ಹುಸೇನ ಅಂದ್ರ ನಾನ. ಅವತ್ತು ನಾ ಉಂಡ ಎಣಗಾಯಿ ಲೆಕ್ಕಾ ಇಡಲಿಲ್ಲ.

ಮರುದಿನ ಜೆಸಿಬಿ ಬಂತು. ಹೇಳಿ ಕರಸಿದ ಗಾಡಿ, ಬರಿಗೈಲೆ ಕಳಸಾಕ ಆಗ್ತೈತೇನು? ನಿಂಗಪ್ಪ ಅದರಿಂದ ತನ್ನ ಕಡ್ಲಿ ದಂಡಿಗೆ ಒಂದು ಆಳವಾದ ಹರಿ ತೋಡಿಸಿ, ಆ ಮಣ್ಣಿಲೆ ಒಡ್ಡು ಎತ್ತರ ಮಾಡಿಕೊಂಡ. ಹರಿಯೊಳಗ ಬಸದ ನೀರು ವಾಪಸ್ ಜವಳಕ್ಕ ಹೋಗೂವಂಗ ಇಳಿಜಾರು ಕೊಡಿಸಿದ್ದ. ಯಾಕಪಾ ಅಂದ್ರ, ಮತ್ತೆಲ್ಲಿ ಕಳಸಲಿ ಅಂದ. ಆಮ್ಯಾಲ ಅಂಗಡಿ ಮುಂದ ಹಾದಾಗೊಮ್ಮೆ ಬೈಕ್ ನಿಲ್ಲಿಸಿ, "ಕಾಕಾ, ಹಡದ್ಲೇನು?" ಅಂತ ಕೇಳ್ತಾನ. "ಇನ್ನೂ ದಿನ ತುಂಬಿಲ್ಲಪಾ" ಅಂತ ನಾ ಹೇಳ್ತೀನಿ. ಗಿರಾಕಿಗಳು ಯಾರ ಮನ್ಯಾಗ ಬಸರಿ ಅದಾರಂತ ನನ್ನ ಮಾರಿ ನೋಡ್ತಾರ.

ಈಗ ಮತ್ತ ಎಳ್ಳ ಅಮಾಸಿ ಹತ್ತರ ಬಂದೈತಿ. ಮೊನ್ನೆ ನಿಂಗಪ್ಪ ಒಳಗ ಬಂದು ಕುರ್ಚಿ ಮ್ಯಾಲ ಕುಂತು, "ನನ್ನ ಕಣ್ಣು ತಪಾಸ ಮಾಡ್ರಿ ಕಾಕಾ, ಹೋದ ಸಲ ಒಡ್ಡು ಕಾಣಲಿಲ್ಲ" ಅಂದ. ಈ ಸಲ ನೋಡಿಕೊಂಡು ತಿರುಗೂ ವಿಚಾರ ಇರಬೇಕು ಅಂದುಕೊಂಡೆ. ಅಕ್ಷರದ ಹಲಿಗಿ ತೂಗುಹಾಕಿ ಓದಿಸಿದೆ. ಕಡೀ ಸಾಲಿನ ಇರುವಿಯಂಥಾ ಅಕ್ಷರಾನೂ ಗಡಗಡ ಓದಿದ. "ಕಣ್ಣು ಚಲೋ ಅದಾವಲ್ಲೋ ನಿಂಗಪ್ಪ" ಅಂದೆ.

"ಅದು ನನಗೂ ಗೊತ್ತೈತಿ ಬಿಡ್ರಿ" ಅಂತ ಎದ್ದ. ಬಾಗಿಲದಾಗ ನಿಂತು ಚಪ್ಪಲಿ ಮೆಟ್ಟಿಕೋಂತ, ನನ್ನ ಮಾರಿ ನೋಡದ ಹೇಳಿದ: "ನಿಮ್ಮ ತಂಬಗಿ ಭಾಳ ಸಣ್ಣದು ಕಾಕಾ. ಈ ಸಲ ಕೊಡಾ ತರ್ರಿ. ಜವಳಿನ ದಂಡಿ ಪೂರಾ ಸುತ್ತಬೇಕು ಅಂತ ಮಾಡೀನಿ."

ಮನಿಗೆ ಹೋಗಿ ಹೆಂಡತಿ ಮುಂದ ಕೊಡಾ ಕೇಳಿದೆ. "ಯಾಕ?" ಅಂದಳು. "ಹೊಲಕ್ಕ" ಅಂದೆ. ಕೆಮ್ಮು ಬರಲಿಲ್ಲ.