ಎರಡನೇ ಆಲ್ಬಮ್ಮಿನ ಐದನೇ ಹಾಡು

ನಾನು ಒಬ್ಬನ ಕಿವಿ ಕಚ್ಚಿ ತುಂಡು ಮಾಡಿದ್ದೇನೆ. ಮೊಮ್ಮಗಳು ಅದನ್ನೇ ಹಾಡು ಮಾಡಿದಳು.

ಅವಳದೊಂದು ಹೆವಿ ಮೆಟಲ್ ಬ್ಯಾಂಡು. ವಾರವೆಲ್ಲ ಶಹಾಪುರದಲ್ಲಿ ಶಾಲೆಯ ಮಕ್ಕಳಿಗೆ ಲೆಕ್ಕ ಕಲಿಸುತ್ತಾಳೆ. ಭಾನುವಾರ ಸುರಪುರದ ಬಸ್ಸು ಹಿಡಿದು ನಮ್ಮೂರಿಗೆ ಬಂದು, ನಮ್ಮ ಹತ್ತಿ ತುಂಬುವ ಕೋಣೆಯಲ್ಲಿ ಗಂಟಲು ಹರಿಯುವ ಹಾಗೆ ಒದರುತ್ತಾಳೆ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾರೆ. ಆದರೂ ಎಮ್ಮೆ ಹಗ್ಗ ಕಿತ್ತುಕೊಳ್ಳುತ್ತದೆ. ಗಿಟಾರಿನವರಿಬ್ಬರು ಯಾದಗಿರಿಯವರು. ಡ್ರಮ್ಮು ಬಾರಿಸುವವನು ನಮ್ಮೂರಿನವನೇ. ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಮದುವೆಯಾದವನು. ಕಾಲುವೆಯ ಮೇಲುಭಾಗದಲ್ಲಿ ಹೊಲವಿರುವ ಮುದುಕನ ಮೊಮ್ಮಗ. ನಾನು ಕಚ್ಚಿದ್ದು ಆ ಮುದುಕನ ಕಿವಿ.

ಇವರ ಮೊದಲನೇ ಆಲ್ಬಮ್ಮಿನಲ್ಲಿ ಎಲ್ಲ ಇಂಗ್ಲಿಷು, ಎಲ್ಲ ಬುರುಡೆ, ಎಲ್ಲ ಸುಡುಗಾಡು. ಇಂಥ ಹಾಡುಗಳನ್ನು ಅಳೆದು ಬರೆಯುವವರು ಫೋನಿನಲ್ಲಿ ಹೀಗೆ ಬರೆದರು: ಇವರು ಬೇರೆಯವರ ಸಿಟ್ಟನ್ನು ಎರವಲು ತಂದಿದ್ದಾರೆ. ರಜೆಗೆ ಊರಿಗೆ ಬಂದಿದ್ದ ಮೊಮ್ಮಗಳು ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಮೂರನೇ ದಿನ ಬಂದು ಕೂತಳು.

“ಆಯಿ, ನಿನಗ ಖರೇನ ಸಿಟ್ಟು ಬಂದಿದ್ದು ಯಾವಾಗ?”

ಕಿವಿಯ ಕತೆ ಹೇಳಿದೆ. ಮನೆಯವರಿಗೆ ಮೊದಲಿಂದಲೂ ಹೇಳುತ್ತಿದ್ದ ಹಾಗೆಯೇ ಹೇಳಿದೆ.

ಕಾಲುವೆ ಹೊಸದಾಗಿ ಬಂದ ಕಾಲ ಅದು. ಮೇಲಿನವರು ಭತ್ತ ಹಚ್ಚಿದರು, ಕೆಳಗಿನ ನಮಗೆ ನೀರು ಬರಲಿಲ್ಲ. ಆಗ ಒಂದು ರೂಢಿ ಇತ್ತು. ಒಡ್ಡು ಒಡೆದು ನೀರು ತಿರುಗಿಸಿಕೊಂಡವರು ಆ ಕಂಡಿಯಲ್ಲಿ ತಮ್ಮ ಮನೆಯ ಹೆಂಗಸನ್ನು ಕೂಡಿಸುತ್ತಿದ್ದರು. ಅವಳು ಸೊಂಟದ ತನಕ ನೀರಿನಲ್ಲಿ ಕೂತಿರಬೇಕು. ಹೆಂಗಸಿನ ಮೈಗೆ ಯಾರೂ ಕೈ ಹಚ್ಚುವುದಿಲ್ಲ, ಕಂಡಿ ಮುಚ್ಚುವುದಿಲ್ಲ. ನಾನು ಹೇಳಿದ ಕತೆಯಲ್ಲಿ ಕಂಡಿಯಲ್ಲಿ ಕೂತವಳು ನಾನು. ಅವನು ಸಲಿಕೆ ಹಿಡಿದು ಬಂದ, ನನ್ನ ಭುಜದ ಎಲುಬು ಮುರಿದ, ನಾನು ಕಿವಿ ಕಚ್ಚಿ ನೀರಿಗೆ ಉಗುಳಿದೆ.

ಅದು ಎರಡನೇ ಆಲ್ಬಮ್ಮಿನ ಐದನೇ ಹಾಡಾಯಿತು, ಕನ್ನಡದಲ್ಲಿ. ಡ್ರಮ್ಮಿನವನಿಗೆ ತನ್ನ ಮುತ್ಯಾನ ಕಿವಿ ಎಂದು ಗೊತ್ತಿತ್ತು. ನಕ್ಕು ಬಾರಿಸಿದ. ಈ ಸಲ ಬರೆಯುವವರು ಕುಣಿದಾಡಿಬಿಟ್ಟರು. ಐದನೇ ಹಾಡು ಇಡೀ ಆಲ್ಬಮ್ಮಿನ ಬೆನ್ನೆಲುಬು, ಇದರಲ್ಲಿ ಒಂದು ಸುಳ್ಳು ಮಾತಿಲ್ಲ ಎಂದು ಬರೆದರು. ಮೊಮ್ಮಗಳು ನನ್ನ ಮುಂದೆ ಅದನ್ನು ನಾಲ್ಕು ಸಲ ಓದಿದಳು. ನಾನು ಹಿಟ್ಟು ನಾದುತ್ತಿದ್ದೆ, ನಾದಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಮುದುಕ ಕೊಡಲಿ ಹಿಡಿದು ಬಂದ. ಯಾರೋ ಅವನಿಗೆ ಹಾಡು ಕೇಳಿಸಿದ್ದರು. ಸೀದಾ ಕೋಣೆಗೆ ಹೊಕ್ಕು ದೊಡ್ಡ ಡ್ರಮ್ಮಿಗೆ ಹಾಕಿದ. ಚರ್ಮ ಹರಿದು ಕೊಡಲಿ ಒಳಗೇ ಸಿಕ್ಕಿಕೊಂಡಿತು. ಕಾಲು ಕೊಟ್ಟು ಎಳೆದು ಮತ್ತೆ ಹಾಕಿದ. ಗಿಟಾರಿನವರು ಹತ್ತಿಯ ಅಂಡಿಗೆಯ ಹಿಂದೆ ಸೇರಿದರು.

“ನಡಿಯಲೇ ಮನಿಗೆ!” ಎಂದ ಮೊಮ್ಮಗನಿಗೆ. “ಇನ್ನ ಈ ಮನ್ಯಾಗ ಕಾಲಿಟ್ರ ನಾ ನಿನಗ ಮುತ್ಯಾನೂ ಅಲ್ಲ, ಏನೂ ಅಲ್ಲ.”

ಮೊಮ್ಮಗಳು ಅಡ್ಡ ನಿಂತಳು. ಈ ಸೀಮೆಯಲ್ಲಿ ಇಂಥ ಡ್ರಮ್ಮು ಬಾರಿಸುವವನು ಅವನೊಬ್ಬನೇ. ಅವನು ಹೋದರೆ ಬ್ಯಾಂಡು ಅಲ್ಲಿಗೇ ಮುಗಿಯಿತು.

“ಮುತ್ಯಾ, ಕಿವಿ ಹೋಗಿದ್ದು ಊರಿಗೇ ಗೊತ್ತೈತಿ. ಹಾಡಿನಾಗ ಬಂದ್ರ ಏನಾತ್ರಿ?”

“ಕಿವಿ ಮಣ್ಣಾಗ ಹೋಗ್ಲಿ! ನನ್ನ ಹೇಣ್ತಿ ಎಲ್ಲಿ ಅದಾಳ ಅದ್ರಾಗ?”

“ಅಕಿ ಅಲ್ಲಿದ್ಲೇನು?”

“ಕೇಳು ನಿಮ್ಮ ಆಯಿನ. ಕಂಡ್ಯಾಗ ಕುಂತಾಕಿ ಯಾರು, ಕೇಳು.”

ಎಲ್ಲರೂ ನನ್ನ ಮುಖ ನೋಡಿದರು. ಮುದುಕನ ಹೆಂಡತಿ ಸತ್ತು ವರ್ಷಗಳಾಗಿದ್ದವು. ಆ ದಿನ ಅಲ್ಲಿದ್ದವರು ನಾವು ಮೂವರೇ. ಇಲ್ಲ ಎಂದಿದ್ದರೆ ನನ್ನ ಮಾತೇ ಗೆಲ್ಲುತ್ತಿತ್ತು. ಮುದುಕ ಮೊಮ್ಮಗನ ರಟ್ಟೆ ಹಿಡಿದುಕೊಂಡಿದ್ದ. ಡ್ರಮ್ಮಿನವನೂ ನಾನೇನು ಹೇಳುತ್ತೇನೋ ಎಂದು ಕಾದಿದ್ದ.

ಹೇಳಿದೆ. ಒಡ್ಡು ಒಡೆದವರು ಅವರು, ಕಂಡಿಯಲ್ಲಿ ಕೂತವಳು ಅವನ ಹೆಂಡತಿ. ನಾನು ಎಂದೂ ಕೂತವಳಲ್ಲ. ಏಳು ಎಂದೆ, ಏಳಲಿಲ್ಲ. ಕಲ್ಲು ತೆಗೆದು ಬಾಯಿಗೆ ಹೊಡೆದೆ. ಹಲ್ಲು ಉದುರಿದವು. ಕೂದಲು ಹಿಡಿದು ತಲೆಯನ್ನು ನೀರಿನಲ್ಲಿ ಒತ್ತಿದೆ. ಸಾಯಲಿ ಎಂದೇ ಒತ್ತಿದೆ. ಆಮೇಲೆ ಅವನು ಸಲಿಕೆ ತಂದ. ಒಡ್ಡು ಒಡೆದದ್ದು ಕಾಲುವೆ ಆಫೀಸಿಗೆ ಗೊತ್ತಾದರೆ ಅವರ ಪಾಳಿಯ ನೀರೂ ಹೋಗುತ್ತಿತ್ತು. ಅದಕ್ಕೆ ಅವಳು ಕಲ್ಲಿನ ಮೇಲೆ ಬಿದ್ದೆ ಎಂದು ಹೇಳಿಕೊಂಡು ಬದುಕಿದಳು. ನಾನು ಅವಳ ಜಾಗದಲ್ಲಿ ನನ್ನನ್ನು ಕೂಡಿಸಿಕೊಂಡು ಕತೆ ಹೇಳಿದೆ.

“ಥೂ! ಆರ್ ತಿಂಗಳಿಂದ ನಾ ಏನ್ ಒದರಾಕತ್ತೀನಿ ಆಯಿ?” ಮೊಮ್ಮಗಳು ಕೈ ಎತ್ತಿದಳು.

“ಹೊಡಿ,” ಎಂದೆ.

ನನ್ನನ್ನು ಹೊಡೆಯಲಿಲ್ಲ. ಗೋಡೆಗೆ ಗುದ್ದಿದಳು, ಗೆಣ್ಣು ಒಡೆದು ರಕ್ತ ಬಂತು. ಮುದುಕ ಮೊಮ್ಮಗನ ರಟ್ಟೆ ಬಿಟ್ಟ. ಅವನು ಹರಿದ ಡ್ರಮ್ಮು ಎತ್ತಿ ನೋಡಿ, “ಹಾಡು ಹೊಸದಾಗಿ ಕಟ್ಟತೀವಿ ಮುತ್ಯಾ. ಡ್ರಮ್ಮು ಯಾಂವ ಕಟ್ಟಬೇಕೋ?” ಎಂದ. ಮುದುಕ ಅವನ ಕಪಾಳಕ್ಕೆ ಒಂದು ಬಿಟ್ಟ. ಆದರೆ ಕರೆದುಕೊಂಡು ಹೋಗಲಿಲ್ಲ.

ಐದನೇ ಹಾಡನ್ನು ತೆಗೆದುಹಾಕಿದರು. ಹೊಗಳಿದವರೇ ಈಗ ಹೆದರುಪುಕ್ಕರೆಂದು ಬೈದರು. ಹೊಸ ಹಾಡಿನಲ್ಲಿ ಕಂಡಿಯಲ್ಲಿ ಅವಳು ಕೂತಿದ್ದಾಳೆ, ಕಲ್ಲು ನನ್ನ ಕೈಯಲ್ಲಿದೆ. ಅದನ್ನು ಹಾಕಿದಾಗ ಒಬ್ಬ, ಮೊದಲಿನದೇ ಚೆನ್ನಾಗಿತ್ತು, ಇದರಲ್ಲಿ ಯಾರ ಪರ ನಿಲ್ಲಬೇಕೆಂದೇ ತಿಳಿಯುವುದಿಲ್ಲ ಎಂದು ಬರೆದ. ಮೊಮ್ಮಗಳು ನನಗೆ ಅದನ್ನು ಓದಿ ಹೇಳಲಿಲ್ಲ. ಆಗ ನನ್ನ ಜೊತೆ ಮಾತೇ ಇರಲಿಲ್ಲ. ಡ್ರಮ್ಮಿನವನು ಹೇಳಿದ.

ಆ ಹೊಸ ಹಾಡನ್ನು ಇನ್ನೂ ಕೂಡಿಸುತ್ತಿದ್ದಾಗ ಒಂದು ಭಾನುವಾರ ಮುದುಕ ಬಂದು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಹಾಡಿನಲ್ಲಿ ಅವನ ಹೆಂಡತಿಯ ತಲೆ ನೀರಿಗೆ ಹೋಗುವ ಕಡೆ ಮೊಮ್ಮಗಳು ಜೋರಾಗಿ ಚೀರಿದಳು. ಮುದುಕ ಕೈ ಎತ್ತಿ ನಿಲ್ಲಿಸಿದ.

“ಅಕಿ ಒದರಲಿಲ್ಲವ್ವ. ಬಾಯಾಗ ನೀರಿತ್ತು.”

ಮೊಮ್ಮಗಳು ನನ್ನ ಕಡೆ ತಿರುಗಿದಳು. ಹೌದು ಎಂದು ತಲೆ ಆಡಿಸಿದೆ. ಮತ್ತೆ ಮೊದಲಿಂದ ಶುರುಮಾಡಿದರು. ಆ ಜಾಗಕ್ಕೆ ಬಂದಾಗ ಅವಳು ಬಾಯಿ ಮುಚ್ಚಿದಳು, ಗಿಟಾರು ನಿಂತವು, ಡ್ರಮ್ಮಿನವನೂ ಕೋಲು ಎತ್ತಿ ಹಾಗೇ ಹಿಡಿದ. ಎಷ್ಟು ಹೊತ್ತು ಹಿಡಿಯಬೇಕೋ ತಿಳಿಯದೆ ಮುತ್ಯಾನನ್ನೇ ನೋಡಿದ.

ಮುದುಕ ತಲೆ ಬಗ್ಗಿಸಿದ್ದ. ಬಹಳ ಹೊತ್ತಾದ ಮೇಲೆ, “ಹ್ಞಾಂ, ಈಗ ಹೊಡಿ,” ಎಂದ.